ಬಿದ್ದರೂ ಜಾತ್ರೆ ಬಿಡದ ಚೌಕ

2015ರ ಏಪ್ರಿಲ್ 25, ಶನಿವಾರ. ಕಠ್ಮಂಡುವಿನ ಹನುಮಾನ್ ಢೋಕಾ ದರ್ಬಾರ್ ಚೌಕದ ಕಾಷ್ಠಮಂಡಪದಲ್ಲಿ ರಕ್ತದಾನ ಶಿಬಿರ ನಡೆದಿತ್ತು. ಹನ್ನೆರಡಕ್ಕೆ ಇನ್ನೂ ನಾಲ್ಕು ನಿಮಿಷ ಇರುವಾಗ ನೆಲ ನಡುಗಿತು. ಊರಿಗೆ ಹೆಸರು ಕೊಟ್ಟ ಆ ಮರದ ಮಂಟಪ ರಕ್ತ ಕೊಡಲು ಬಂದವರ ಮೇಲೆಯೇ ಕುಸಿಯಿತು. ಸಮೀಪದ ಮಾಜು ದೇಗ, ತ್ರೈಲೋಕ್ಯ ಮೋಹನ ನಾರಾಯಣ ಗುಡಿಗಳಲ್ಲಿ ಉಳಿದದ್ದು ಮೆಟ್ಟಿಲು ಮಾತ್ರ.

ಈಗ ಅವೆಲ್ಲ ಮತ್ತೆ ಎದ್ದು ನಿಂತಿವೆ. ಹಸಿ ಕೆಂಪಿನ ಇಟ್ಟಿಗೆ, ಇನ್ನೂ ಕಪ್ಪಾಗದ ಮರದ ಕೆತ್ತನೆ ಕಂಡವರಿಗೆ ‘ಇದು ಹಳೆಯ ಚೌಕವೇ?’ ಎನಿಸಬಹುದು. 1934ರ ಭೂಕಂಪದಲ್ಲೂ ಈ ಕಣಿವೆ ನೆಲಕಚ್ಚಿತ್ತು. ಬೀಳುವುದು, ಕಟ್ಟುವುದು ಇಲ್ಲಿಯ ನೇವಾರರಿಗೆ ರೂಢಿ. ಈ ಚೌಕದ ವಯಸ್ಸನ್ನು ಗೋಡೆ ನೋಡಿ ಲೆಕ್ಕ ಹಾಕಬಾರದು, ಅಲ್ಲಿ ನಡೆಯುವುದನ್ನು ನೋಡಿ ಹಾಕಬೇಕು.

ಅರಮನೆ ಬಾಗಿಲ ಕಾವಲಿಗೆ ಮಲ್ಲ ವಂಶದ ದೊರೆ ಪ್ರತಾಪ ಮಲ್ಲ 1672ರಲ್ಲಿ ನಿಲ್ಲಿಸಿದ ಹನುಮಂತನಿಗೆ ಸಿಂಧೂರ ಮೆತ್ತಿ ಮೆತ್ತಿ ಮುಖವೇ ಕಾಣದು. ಆಚೆ ಕಾಲಭೈರವನ ದೊಡ್ಡ ಕಲ್ಲು. ಅದರೆದುರು ಸುಳ್ಳು ಆಣೆ ಮಾಡಿದವನು ರಕ್ತ ಕಾರಿ ಸಾಯುತ್ತಾನೆಂದು ನಂಬಿ ಹಿಂದೆ ಆರೋಪಿಗಳನ್ನು ಇಲ್ಲಿಗೇ ತರುತ್ತಿದ್ದರಂತೆ.

ಎತ್ತರದ ಜಗಲಿಯ ಮೇಲೆ ಮಹೇಂದ್ರ ಮಲ್ಲ 1564ರಲ್ಲಿ ಕಟ್ಟಿಸಿದ ತಲೇಜು ಭವಾನಿಯ ಗುಡಿ. ಭಕ್ತರಿಗೆ ಅದರ ಬಾಗಿಲು ತೆರೆಯುವುದು ದಸರೆಯ ನವಮಿಯಂದು ಮಾತ್ರ. ಮಲ್ಲರ ಈ ಕುಲದೇವಿಯನ್ನು ನೇಪಾಳಕ್ಕೆ ತಂದವರು ಸಿಮ್ರೌನಗಢದ ಕರ್ಣಾಟ ವಂಶದವರೆಂಬ ಪ್ರತೀತಿ ಇದೆ. 1097ರಲ್ಲಿ ಆ ವಂಶವನ್ನು ಸ್ಥಾಪಿಸಿದ ನಾನ್ಯದೇವನ ಮೂಲ, ಚಾಲುಕ್ಯರ ದಂಡಿನೊಂದಿಗೆ ಉತ್ತರಕ್ಕೆ ಹೋದ ಕನ್ನಡ ನಾಡಿನವರಲ್ಲಿದೆ ಎಂದು ಹಲವು ಇತಿಹಾಸಕಾರರು ಊಹಿಸುತ್ತಾರೆ.

ದಕ್ಷಿಣದ ಅಂಚಿನಲ್ಲಿ 1757ರ ಕುಮಾರಿ ಮನೆ. ಜೀವಂತ ದೇವಿಯೆಂದು ಪೂಜೆಗೊಳ್ಳುವ ಪುಟ್ಟ ಹುಡುಗಿ ಒಮ್ಮೊಮ್ಮೆ ಕಿಟಕಿಗೆ ಬರುತ್ತಾಳೆ, ಫೋಟೊ ತೆಗೆಯುವಂತಿಲ್ಲ. ಸುತ್ತಲಿನ ಗುಡಿಗಳು ಉರುಳಿದರೂ ಈ ಮನೆಗೆ ಹೆಚ್ಚೇನೂ ಆಗದಿದ್ದುದು ಭಕ್ತರ ನಂಬಿಕೆಯನ್ನು ಗಟ್ಟಿ ಮಾಡಿತು.

1768ರಲ್ಲಿ ಊರು ಇಂದ್ರಜಾತ್ರೆಯಲ್ಲಿ ಮುಳುಗಿದ್ದಾಗ ಗೂರ್ಖಾ ದೊರೆ ಪೃಥ್ವಿನಾರಾಯಣ ಶಾ ದಂಡಿನೊಂದಿಗೆ ನುಗ್ಗಿ ಪಟ್ಟಣ ಗೆದ್ದ. ದೊರೆ ಬದಲಾದ, ಜಾತ್ರೆ ಬದಲಾಗಲಿಲ್ಲ. 2008ರಲ್ಲಿ ರಾಜಪ್ರಭುತ್ವವೇ ಹೋಯಿತು. ಜಾತ್ರೆಯಲ್ಲಿ ಕುಮಾರಿಯ ಕೈಯಿಂದ ತಿಲಕ ಪಡೆಯಲು ಈಗ ದೊರೆಯ ಬದಲು ರಾಷ್ಟ್ರಪತಿ ಬರುತ್ತಾರೆ.

ಕಾಷ್ಠಮಂಡಪವನ್ನು ಮತ್ತೆ ಕಟ್ಟುವಾಗಲೂ ಸ್ಥಳೀಯರು ಸುಮ್ಮನೆ ಕೂರಲಿಲ್ಲ. ಗುತ್ತಿಗೆದಾರರಿಗೆ ಒಪ್ಪಿಸಬೇಡಿ, ಹಳೆಯ ಪದ್ಧತಿಯಲ್ಲೇ ಕಟ್ಟಬೇಕು ಎಂದು ಪಟ್ಟು ಹಿಡಿದರು. 2022ರಲ್ಲಿ ಮಂಟಪ ಪೂರ್ತಿಯಾಯಿತು. ಹನ್ನೆರಡನೇ ಶತಮಾನದ್ದೆಂದು ತಿಳಿದಿದ್ದ ಈ ಕಟ್ಟಡದ ಅಡಿಪಾಯ ಏಳನೇ ಶತಮಾನದಷ್ಟು ಹಿಂದಿನದೆಂದು ಭೂಕಂಪದ ನಂತರದ ಉತ್ಖನನ ತೋರಿಸಿತು. ಮೇಲಿನದು ಉರುಳಿದರೂ ಆ ಪಾಯ ಅಲುಗಿರಲಿಲ್ಲ.

ಹೋಗುವುದಿದ್ದರೆ ಭಾದ್ರಪದದ ಇಂದ್ರಜಾತ್ರೆಗೇ ಹೋಗಿ. ವರ್ಷವಿಡೀ ಮರದ ಜಾಲರಿಯ ಹಿಂದೆ ಮುಚ್ಚಿಟ್ಟ ಶ್ವೇತ ಭೈರವನ ಮುಖ ಆಗ ತೆರೆದುಕೊಳ್ಳುತ್ತದೆ. ಅವನ ಬಾಯಿಯ ಕೊಳವೆಯಿಂದ ಸುರಿಯುವ ಮದ್ಯದ ಪ್ರಸಾದಕ್ಕೆ ಹುಡುಗರು ಒಬ್ಬರ ಮೇಲೊಬ್ಬರು ಬೀಳುತ್ತಾರೆ. 1979ರಿಂದ ಈ ಚೌಕ ವಿಶ್ವ ಪರಂಪರೆಯ ತಾಣವೆಂಬುದು ಆ ನೂಕುನುಗ್ಗಲಿನಲ್ಲಿ ಯಾರಿಗೂ ನೆನಪಿರುವುದಿಲ್ಲ. ನೆನಪಿರಬೇಕಾದ ಅಗತ್ಯವೂ ಅವರಿಗಿಲ್ಲ.