ಸಣ್ಣ ರಿಸೆಪ್ಷನ್‌ನ ಕೇಕ್ ಲೆಕ್ಕ

ನಮ್ಮ ರೂಮ್‌ಮೇಟ್‌ನ ಅಕ್ಕಂದು ರಿಜಿಸ್ಟರ್ ಮದುವೆ, ರಿಸೆಪ್ಷನ್‌ಗೆ 40 ಜನ. ಮೂರಂತಸ್ತಿನ ಕೇಕ್ ಅಂದ್ರೆ ಅಕ್ಕಂಗೆ ಆಸೆ. ರೇಟ್ ಕೇಳಿ, "ಬೇಡ ಬಿಡ್ರೋ" ಅಂದ್ಬಿಟ್ರು.

ಬೇಕರಿಯಲ್ಲಿ ವಿಚಾರಿಸಿದಾಗ ನಮಗೆ ಗೊತ್ತಾಯ್ತು: ಹೆಚ್ಚಿನ ದುಡ್ಡು ಹೋಗೋದು ಮೈದಾ, ಮೊಟ್ಟೆಗಲ್ಲ, ಅಂತಸ್ತು ಜೋಡಿಸಿ ಹೂವು ಬಿಡಿಸೋ ಕೈಕೆಲಸಕ್ಕೆ. ಕೆಳಗಿನ ಅಂತಸ್ತಿಗೆ ಥರ್ಮಾಕೋಲ್ ಇಟ್ಟರೂ ಐಸಿಂಗ್ ಕೆಲಸ ತಪ್ಪಲ್ಲ.

ಅದಕ್ಕೆ ಸ್ಟೇಜ್ ಮೇಲೆ ಕತ್ತರಿಸೋಕೆ 6 ಇಂಚಿನ ಒಂದೇ ಚಂದದ ಕೇಕ್. ಹಂಚೋಕೆ ಅದೇ ಫ್ಲೇವರ್‌ನ, ಅಲಂಕಾರವಿಲ್ಲದ 12×14 ಇಂಚಿನ ಟ್ರೇ ಕೇಕ್. ದುಂಡನೆಯದು ಯಾಕೆ ಬೇಡ? 8 ಇಂಚಿನ ದುಂಡು ಕೇಕ್ ಸುಮಾರು 50 ಚದರ ಇಂಚು, 8 ಇಂಚಿನ ಚೌಕ 64. (ಹೈಸ್ಕೂಲ್ ಗಣಿತ ಕೊನೆಗೂ ಉಪಯೋಗಕ್ಕೆ ಬಂತು!)

ಟ್ರೇ ಕೇಕನ್ನ ಒಳಗೇ 2×2 ಇಂಚಿಗೆ ಕತ್ತರಿಸಿದ್ವಿ: 42 ತುಂಡು. ಉಳಿದ ಎರಡು ಅಕ್ಕ-ಭಾವಂಗೆ ಪಾರ್ಸೆಲ್.