ಮಹಾವೀರಾಚಾರ್ಯರ ಸಂಖ್ಯಾಹಾರ

12345654321 ಎಂಬ ಸಂಖ್ಯೆಯನ್ನು ವಾಚಕರು ಒಮ್ಮೆ ಎಡದಿಂದಲೂ ಇನ್ನೊಮ್ಮೆ ಬಲದಿಂದಲೂ ಓದಿ ನೋಡಬೇಕು. ಒಂದರಿಂದ ಮೊದಲಾಗಿ ಆರಕ್ಕೇರಿ, ಏರಿದ ಕ್ರಮದಲ್ಲಿಯೇ ಇಳಿದು ಮರಳಿ ಒಂದನ್ನು ಸೇರುವ ಈ ಹನ್ನೊಂದು ಅಂಕೆಗಳ ಸಾಲು, ನಡುವೆ ನಾಯಕಮಣಿಯನ್ನಿರಿಸಿ ಇಕ್ಕೆಲಗಳಲ್ಲಿ ಕಿರಿದಾಗುತ್ತ ಹೋಗುವ ಮುತ್ತುಗಳನ್ನು ಪೋಣಿಸಿದ ಕಂಠಹಾರದಂತಿದೆ. ಕ್ರಿ.ಶ. 850ರ ಸುಮಾರಿನಲ್ಲಿ ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿ, ಅದರ ಆದಿಯಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿದ ಜೈನ ಗಣಿತಜ್ಞ ಮಹಾವೀರಾಚಾರ್ಯರು ಇದನ್ನು ಒಂದರಿಂದ ಆರರವರೆಗೆ ಏರಿ ಕ್ರಮವಾಗಿ ಇಳಿಯುವ ಸಂಖ್ಯೆಯೆಂದೇ ನಿರ್ದೇಶಿಸಿದ್ದಾರೆ. ಗುಣಾಕಾರದಿಂದ ಒದಗುವ ಇಂಥ ಕೆಲವು ಫಲಗಳನ್ನು ಅವರು ಕಂಠಾಭರಣಗಳೆಂದೂ ಕರೆದರು. ಅಂಕೆಯ ಬೆಲೆ ಅದು ನಿಂತ ಸ್ಥಾನದಿಂದ ಬರುವುದೆಂಬ ಅರಿವು ರಕ್ತಗತವಾಗಿದ್ದವರಿಗಲ್ಲದೆ ಈ ರಸಿಕತೆ ಸಾಧ್ಯವಾಗದು.

ಹಾರವು ಹುಟ್ಟುವ ಬಗೆಯನ್ನು ಬಳಪ ಹಿಡಿದೇ ಕಾಣಬಹುದು. 111111ನ್ನು ಅದರಿಂದಲೇ ಗುಣಿಸಲು ಹೊರಟರೆ, ಅದೇ ಸಂಖ್ಯೆಯನ್ನು ಒಂದೊಂದು ಸ್ಥಾನ ಎಡಕ್ಕೆ ಸರಿಸುತ್ತ ಆರು ಸಾಲುಗಳಲ್ಲಿ ಬರೆಯಬೇಕಾಗುತ್ತದೆ. ಬಲತುದಿಯ ಕಂಬಸಾಲಿನಲ್ಲಿ ಒಂದೇ ಒಂದು, ಮುಂದಿನದರಲ್ಲಿ ಎರಡು, ಹೀಗೆ ನಡುವಿನಲ್ಲಿ ಆರು ಒಂದುಗಳು ಕೂಡಿ, ಅಲ್ಲಿಂದಾಚೆ ಒಂದೊಂದಾಗಿ ಕಡಮೆಯಾಗುತ್ತವೆ. ಯಾವ ಮೊತ್ತವೂ ಹತ್ತನ್ನು ಮುಟ್ಟದಿರುವುದರಿಂದ ದಶಕವನ್ನು ಎಡಕ್ಕೊಯ್ಯುವ ಪ್ರಸಂಗವೇ ಇಲ್ಲ. ಒಂಬತ್ತು ಒಂದುಗಳವರೆಗೂ ಈ ಸೊಗಸು ಉಳಿದು 12345678987654321 ದೊರೆಯುತ್ತದೆ; ಹತ್ತು ಒಂದುಗಳಾದೊಡನೆ ನಡುವೆ ಹತ್ತು ಕೂಡಿ, ಹಾರ ಹರಿದು, 1234567900987654321 ಆಗುತ್ತದೆ.

ಆದುದರಿಂದ ಈ ಹಾರವು ಸಂಖ್ಯೆಯ ಸ್ವಭಾವವಲ್ಲ, ಹತ್ತನ್ನು ಆಧಾರವಾಗಿಟ್ಟು ಬರೆಯುವ ನಮ್ಮ ಲಿಪಿಯ ಅಲಂಕಾರ. ಎರಡನ್ನು ಆಧಾರವಾಗಿಟ್ಟುಕೊಂಡ ಗಣಕಯಂತ್ರದ ಬರವಣಿಗೆಯಲ್ಲಿ ಇದರ ಸುಳಿವೂ ಇರದು. ಬರೆಹ ಬದಲಾದರೂ ಬದಲಾಗದ ಗುಣಗಳು ಬೇರೆ ಇವೆ; ನನಗೆ ಅವೇ ಹೆಚ್ಚು ಪ್ರಿಯ. 111111 ಎಂಬುದು 111 ಮತ್ತು 1001ರ ಗುಣಲಬ್ಧ; ಮೊದಲನೆಯದು 3 ಮತ್ತು 37ರಿಂದ, ಎರಡನೆಯದು 7, 11, 13ರಿಂದ ಆದುದು. ಈ ಐದು ಅವಿಭಾಜ್ಯ ಸಂಖ್ಯೆಗಳೂ ನಮ್ಮ ವರ್ಗಸಂಖ್ಯೆಯಲ್ಲಿ ಎರಡೆರಡು ಸಲ ಬರುತ್ತವೆ. ಭಾಜಕವೊಂದನ್ನು ಕಟ್ಟುವಾಗ ಪ್ರತಿಯೊಂದನ್ನೂ ಬಿಡಬಹುದು, ಒಮ್ಮೆ ತೆಗೆದುಕೊಳ್ಳಬಹುದು, ಎರಡು ಸಲ ತೆಗೆದುಕೊಳ್ಳಬಹುದು; ಮೂರನ್ನು ಐದು ಸಲ ಗುಣಿಸಿದರೆ 243 ಭಾಜಕಗಳು. ಭಾಜಕಗಳು ಸಾಮಾನ್ಯವಾಗಿ ಜೋಡಿಜೋಡಿಯಾಗಿ ಇರತಕ್ಕವು, 441ಕ್ಕೆ 27994681 ಜೊತೆಯಾಗುವಂತೆ. 111111 ಮಾತ್ರ ತನಗೆ ತಾನೇ ಜೊತೆಯಾದ್ದರಿಂದ ಆ ಎಣಿಕೆ ಬೆಸವಾಯಿತು.

ನೃಪತುಂಗನ ರಾಜಧಾನಿ ಮಾನ್ಯಖೇಟವು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಆ ನಾಡಿನ ಶಾಲೆಗಳಲ್ಲಾದರೂ, ಗುಣಾಕಾರ ಕಲಿಯುವ ಮಕ್ಕಳಿಗೆ ಉಪಾಧ್ಯಾಯರು ಈ ಲೆಕ್ಕವನ್ನು ಆಚಾರ್ಯರ ಹೆಸರು ಹೇಳಿ ಮಾಡಿಸಬೇಕೆಂದು ಬೇಡುತ್ತೇನೆ.