ಮೂಳೆ ಕೂಡಿತು, ಗರಿ?

ಓದುಗರೊಬ್ಬರು ಕೇಳಿದ್ದಾರೆ: ಆಷಾಢದ ಗಾಳಿಯಲ್ಲಿ ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕಿ ಬಿದ್ದ ಹದ್ದೊಂದನ್ನು ತಂದು ತಾರಸಿಯ ಪಂಜರದಲ್ಲಿ ಸಾಕುತ್ತಿದ್ದೇವೆ. ಗಾಯ ಒಣಗಿದೆ, ಮಾಂಸ ಚೆನ್ನಾಗಿ ತಿನ್ನುತ್ತದೆ. ಆದರೆ ಬಿಟ್ಟರೆ ನಾಲ್ಕು ಮಾರು ಹಾರಿ ಕೂತುಬಿಡುತ್ತದೆ. ಇನ್ನೆಷ್ಟು ದಿನ ಕಾಯಬೇಕು?

ಕಾಯಬೇಡಿ. ಇವತ್ತೇ ಅರಣ್ಯ ಇಲಾಖೆಗೆ ತಿಳಿಸಿ ವನ್ಯಜೀವಿ ಆಸ್ಪತ್ರೆಗೆ ತಲುಪಿಸಿ. ಬೆಂಗಳೂರಿಗೆ ಹತ್ತಿರವಿದ್ದರೆ ಕೆಂಗೇರಿಯಲ್ಲಿ ಪೀಪಲ್ ಫಾರ್ ಅನಿಮಲ್ಸ್ ನಡೆಸುವ ಆಸ್ಪತ್ರೆ ಇದೆ. 1972ರ ವನ್ಯಜೀವಿ ಕಾಯ್ದೆಯಡಿ ಹದ್ದನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ ಎಂಬುದು ಒಂದು ಕಾರಣ. ದೊಡ್ಡ ಕಾರಣ ಅದರ ರೆಕ್ಕೆಯಲ್ಲೇ ಇದೆ: ಪಂಜರದಲ್ಲಿ ಕಾಯುತ್ತ ಕೂತಷ್ಟೂ ಅದು ಹಾಳಾಗುತ್ತ ಹೋಗುತ್ತದೆ.

ಹಕ್ಕಿಯ ಮೂಳೆ ಬೇಗ ಕೂಡುತ್ತದೆ. ಸರಿಯಾಗಿ ಜೋಡಿಸಿದರೆ ಮೂರು ವಾರದ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ. ಆದರೆ ಅದು ನಮ್ಮ ಮೂಳೆಯಂಥದ್ದಲ್ಲ. ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ 1774ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನು ತೋರಿಸಿಕೊಟ್ಟ. ಕೋಳಿಯ ತೋಳಮೂಳೆಯನ್ನು ಕತ್ತರಿಸಿ ಶ್ವಾಸನಾಳವನ್ನು ಕಟ್ಟಿದರೂ ಅದು ಮೂಳೆಯ ತೂತಿನಿಂದಲೇ ಉಸಿರಾಡುತ್ತಿತ್ತು. ಇಂದು ಯಾರೂ ಒಪ್ಪದ ಕ್ರೂರ ಪ್ರಯೋಗ ಅದು. ಅದರಿಂದ ತಿಳಿದದ್ದು ಮಾತ್ರ ಈಗಲೂ ಹಕ್ಕಿಗಳ ಜೀವ ಉಳಿಸುತ್ತಿದೆ. ತೋಳಮೂಳೆಯ ಟೊಳ್ಳು ಗಾಳಿಚೀಲಗಳಿಗೆ, ಅಲ್ಲಿಂದ ಶ್ವಾಸಕೋಶಕ್ಕೆ ತೆರೆದುಕೊಂಡಿರುತ್ತದೆ. ಹಾಗಾಗಿ ಆ ಮೂಳೆ ಮುರಿದು ಚರ್ಮದಿಂದ ಹೊರಬಂದಿದ್ದರೆ ಒಳ್ಳೆಯ ಮನಸ್ಸಿನಿಂದಲೇ ಗಾಯಕ್ಕೆ ನೀರು ಸುರಿದು ತೊಳೆಯುವವರು ಹಕ್ಕಿಯನ್ನು ಉಸಿರುಗಟ್ಟಿಸಿ ಕೊಂದಾರು. ಎದೆಯನ್ನು ಬಿಗಿಯಾಗಿ ಹಿಡಿಯುವುದೂ ಅಷ್ಟೇ ಅಪಾಯ. ಹಕ್ಕಿಗೆ ನಮ್ಮಂತೆ ವಪೆ ಇಲ್ಲ, ಎದೆಮೂಳೆ ಅಲುಗಾಡಿದರೇ ಉಸಿರು.

ಇನ್ನು ಮಾಂಜಾ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಾದ್ಯಂತ ನಿಷೇಧಿಸಿದೆ, ಮಾರಾಟ ನಿಂತಿಲ್ಲ. ಬಿಗಿದ ದಾರಕ್ಕೆ ಹಾರುವ ವೇಗದಲ್ಲಿ ಬಡಿದ ಹದ್ದಿಗೆ ಹೆಚ್ಚಾಗಿ ಗಾಯವಾಗುವುದು ರೆಕ್ಕೆಯ ಮುಂಚೂಣಿಯಲ್ಲಿ. ಭುಜದಿಂದ ಮಣಿಕಟ್ಟಿನವರೆಗೆ ಅಲ್ಲೊಂದು ತ್ರಿಕೋನಾಕಾರದ ಚರ್ಮದ ಪೊರೆ ಇದೆ, ಅದರ ಅಂಚಿನಲ್ಲಿ ಉದ್ದನೆಯ ಸ್ನಾಯುರಜ್ಜು. ರೆಕ್ಕೆ ಬಿಚ್ಚಿದಾಗ ಪೊರೆ ಬಿಗಿಯಾಗಿ ನಿಂತರೇ ಹಾರಾಟ. ರಜ್ಜು ತುಂಡಾದರೆ ಮೂಳೆಗಳೆಲ್ಲ ನೆಟ್ಟಗಿದ್ದರೂ ಹದ್ದು ಮೇಲೇಳದು. ಹೊಲಿಗೆ ಹಾಕಿ ಬ್ಯಾಂಡೇಜ್ ಕಟ್ಟಿ ಹಾಗೇ ಬಿಟ್ಟರೆ ಪೊರೆ ಕುಗ್ಗಿ ರೆಕ್ಕೆ ಪೂರ್ತಿ ಬಿಚ್ಚಿಕೊಳ್ಳದಂತಾಗುತ್ತದೆ. ಅದಕ್ಕೇ ವೈದ್ಯರು ಆಗಾಗ ಅರಿವಳಿಕೆ ಕೊಟ್ಟು, ಬ್ಯಾಂಡೇಜ್ ಬಿಚ್ಚಿ, ರೆಕ್ಕೆಯನ್ನು ಮೆಲ್ಲಗೆ ಎಳೆದು ಮಡಿಸುವ ವ್ಯಾಯಾಮ ಮಾಡಿಸುತ್ತಾರೆ. ಓದುಗರ ಹದ್ದು ನಾಲ್ಕು ಮಾರಿಗೇ ಕೂತುಬಿಡುವುದಕ್ಕೆ ನನ್ನ ಮೊದಲ ಗುಮಾನಿ ಈ ಪೊರೆಯ ಮೇಲೆ. ಎರಡನೆಯದು ಗರಿಗಳ ಮೇಲೆ.

ಕಾಡಿನ ಹಕ್ಕಿ ಪಂಜರದಲ್ಲಿ ಸುಮ್ಮನಿರುವುದಿಲ್ಲ. ಜನರನ್ನು ಕಂಡಾಗಲೆಲ್ಲ ಕಂಬಿಗೆ ಬಡಿದುಕೊಳ್ಳುತ್ತದೆ. ಬಾಲದ ತುದಿ ತರಿಯುತ್ತದೆ, ರೆಕ್ಕೆಯ ದೊಡ್ಡ ಗರಿಗಳು ಮಧ್ಯಕ್ಕೇ ಮುರಿಯುತ್ತವೆ. ತಿಳಿದ ಆಸ್ಪತ್ರೆಗಳಲ್ಲಿ ಹಳೆಯ ಎಕ್ಸ್‌ರೇ ಹಾಳೆಯನ್ನು ಮಡಿಸಿ ಬಾಲಕ್ಕೆ ಚೀಲದಂತೆ ತೊಡಿಸಿ ಟೇಪ್ ಸುತ್ತುವುದುಂಟು. ಮುರಿದ ಗರಿ ಉಗುರಿನ ಹಾಗೆ ತಾನಾಗಿ ಬೆಳೆಯುವುದಿಲ್ಲ, ಗರಿ ಉದುರುವ ಕಾಲ ಬರುವವರೆಗೆ ಆ ಮೋಟು ಹಾಗೇ ಇರುತ್ತದೆ. ಮೋಟನ್ನು ಕಿತ್ತುಹಾಕಿದರೆ ಹೊಸದು ಹುಟ್ಟಬಹುದು, ಬುಡಕ್ಕೇ ಪೆಟ್ಟಾಗಿ ಎಂದೂ ಹುಟ್ಟದೆಯೂ ಇರಬಹುದು. ಹುಟ್ಟಿದರೂ ಎಳೆಯ ಗರಿಯಲ್ಲಿ ರಕ್ತ ಹರಿಯುತ್ತಿರುತ್ತದೆ. ಅಕ್ಕಪಕ್ಕದ ಗರಿಗಳ ಆಸರೆಯಿಲ್ಲದಿದ್ದರೆ ಅದೂ ಮುರಿದು ರಕ್ತ ಸುರಿಯುತ್ತದೆ.

ಇಲ್ಲಿ ಕೈಹಿಡಿಯುವುದು ಆಧುನಿಕ ವೈದ್ಯವಲ್ಲ, ಬೇಟೆಗಾಗಿ ಡೇಗೆ ಸಾಕುತ್ತಿದ್ದವರ ಹಳೆಯ ವಿದ್ಯೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಈ ಬೇಟೆಗೆಂದೇ ‘ಶ್ಯೇನವಿನೋದ’ ಎಂಬ ಭಾಗವಿದೆ. ಬೇಟೆಯ ಹಕ್ಕಿಗೆ ಗರಿ ಮುರಿದರೆ ಬೇರೆ ಗರಿ ಜೋಡಿಸುವುದು ಯುರೋಪಿನ ಡೇಗೆಗಾರರಲ್ಲಿ ದಿನನಿತ್ಯದ ಕೆಲಸವಾಗಿತ್ತು. ಷೇಕ್ಸ್‌ಪಿಯರ್ ‘ಎರಡನೆಯ ರಿಚರ್ಡ್’ ನಾಟಕದಲ್ಲಿ ಅದನ್ನು ರೂಪಕವಾಗಿ ಬಳಸುವಷ್ಟು ಜನರಿಗೆ ಅದು ಗೊತ್ತಿತ್ತು.

ಮಾವಿನ ಕಸಿ ಕಟ್ಟಿದವರಿಗೆ ಈ ಕೆಲಸ ಕೂಡಲೇ ಅರ್ಥವಾಗುತ್ತದೆ. ಮೋಟಿನ ಟೊಳ್ಳು ಭಾಗ ಉಳಿಯುವಂತೆ ಗರಿಯ ದಂಟನ್ನು ಕತ್ತರಿಸುತ್ತಾರೆ. ಸತ್ತ ಹದ್ದುಗಳಿಂದ ತೆಗೆದಿಟ್ಟ ಗರಿಗಳ ಕಟ್ಟಿನಿಂದ ಜೋಡಿ ಹುಡುಕುತ್ತಾರೆ. ಕಸಿಗೆ ತಳಿ, ಕಡ್ಡಿಯ ದಪ್ಪ, ವಯಸ್ಸು ಹೊಂದಬೇಕಲ್ಲ, ಇಲ್ಲಿಯೂ ಹಾಗೇ: ಅದೇ ಜಾತಿ, ಅದೇ ಬದಿಯ ರೆಕ್ಕೆ, ಅದೇ ಸಾಲಿನ ಅದೇ ಗರಿ. ರೆಕ್ಕೆಯ ತುದಿಯ ಹತ್ತು ದೊಡ್ಡ ಗರಿಗಳಲ್ಲಿ ಏಳನೆಯದು ಮುರಿದಿದ್ದರೆ ಏಳನೆಯದೇ ಬೇಕು. ಬಿದಿರಿನ ಸಣ್ಣ ಕಡ್ಡಿಯನ್ನು ಹೆರೆದು ಅರ್ಧ ಹೊಸ ಗರಿಯ ದಂಟಿಗೆ, ಅರ್ಧ ಮೋಟಿಗೆ ತೂರಿಸುತ್ತಾರೆ. ಅಂಟಿಲ್ಲದೆ ಒಮ್ಮೆ ಕೂರಿಸಿ, ರೆಕ್ಕೆ ಬಿಚ್ಚಿ ಮುಚ್ಚಿ, ಗರಿಯ ಓರೆ ಪಕ್ಕದ ಗರಿಗಳಿಗೆ ಹೊಂದುತ್ತದೆಯೇ ನೋಡುತ್ತಾರೆ. ಆಮೇಲೆ ಅಡಿಗೆ ರಟ್ಟು ಇಟ್ಟು, ಒಂದು ಹನಿಯೂ ಎಳೆಗಳಿಗೆ ತಾಗದಂತೆ ಅಂಟು ಹಾಕುತ್ತಾರೆ. ಕಸಿಗೂ ಇದಕ್ಕೂ ಇರುವ ವ್ಯತ್ಯಾಸ ಒಂದೇ: ಮಾವಿನಲ್ಲಿ ಎರಡು ಜೀವಗಳು ಕೂಡಿ ರಸ ಹರಿಯಬೇಕು, ಬಲಿತ ಗರಿಯಲ್ಲಿ ಜೀವವೇ ಇಲ್ಲ. ಆದ್ದರಿಂದಲೇ ಅಂಟು ಒಣಗಿದ ಕೂಡಲೇ ಅದು ಹಾರಾಟಕ್ಕೆ ಸಿದ್ಧ. ಗರಿ ಉದುರುವ ಕಾಲಕ್ಕೆ ಬಿದಿರು ಸಮೇತ ಬಿದ್ದುಹೋಗಿ, ಹದ್ದಿನ ಸ್ವಂತ ಗರಿ ಆ ಜಾಗಕ್ಕೆ ಬರುತ್ತದೆ. ಇಷ್ಟು ಅಚ್ಚುಕಟ್ಟಾದ ದುರಸ್ತಿ ವೈದ್ಯಲೋಕದಲ್ಲಿ ಇನ್ನೊಂದನ್ನು ನಾನು ಕಂಡಿಲ್ಲ.

ಅಲ್ಲಿಂದ ಮುಂದಿನ ಹಂತಗಳೂ ಡೇಗೆಗಾರರಿಂದ ಬಂದವೇ. ಕಾಲಿಗೆ ಉದ್ದನೆಯ ಹಗ್ಗ ಕಟ್ಟಿ ಬಯಲಿನಲ್ಲಿ ಹಾರಿಸಿ ಸ್ನಾಯು ಬಲಪಡಿಸುವುದು ಒಂದು. ಎತ್ತರದ ಗೂಡಿನಲ್ಲಿ ಮರಿಗಳನ್ನಿಟ್ಟು, ಅವು ತಾವಾಗಿ ಹಾರಿ ಬೇಟೆ ಕಲಿಯುವವರೆಗೆ ಮನುಷ್ಯ ಕಾಣಿಸಿಕೊಳ್ಳದಂತೆ ಆಹಾರ ಇಡುವುದು ಇನ್ನೊಂದು. ಡಿಡಿಟಿಯಿಂದ ಅಮೆರಿಕದ ಪೂರ್ವಭಾಗದಲ್ಲಿ ಅಳಿದುಹೋಗಿದ್ದ ಪೆರಿಗ್ರಿನ್ ಡೇಗೆಯನ್ನು 1970ರ ದಶಕದಿಂದ ಟಾಮ್ ಕೇಡ್ ಮತ್ತು ಸಂಗಡಿಗರು ಮರಳಿ ತಂದದ್ದು ಈ ಎರಡನೆಯ ವಿಧಾನದಿಂದ.

ಇಷ್ಟೆಲ್ಲ ಆದಮೇಲೆ ಹಕ್ಕಿಯನ್ನು ಕೈಯಿಂದ ಹಾರಿಸುವ ವಿಡಿಯೊ ಬರುತ್ತದೆ, ಜನ ಚಪ್ಪಾಳೆ ತಟ್ಟುತ್ತಾರೆ. ಆ ಅರ್ಧ ನಿಮಿಷದ ಹಾರಾಟವನ್ನು ನಾನು ಯಶಸ್ಸೆಂದು ಒಪ್ಪಲಾರೆ. ಉತ್ತರ ಅಮೆರಿಕದಲ್ಲಿ ಎಣ್ಣೆ ಬಳಿದುಕೊಂಡ ಕಡಲಹಕ್ಕಿಗಳನ್ನು ತೊಳೆದು ಬಿಟ್ಟಿದ್ದರು. 1996ರಲ್ಲಿ ಬ್ರಯನ್ ಶಾರ್ಪ್ ಅವುಗಳ ಕಾಲುಂಗುರದ ದಾಖಲೆ ತೆಗೆದು ನೋಡಿದಾಗ ಹೆಚ್ಚಿನವು ಬಹಳ ದಿನ ಬದುಕಿರಲಿಲ್ಲ. ಇದಕ್ಕೆ ತದ್ವಿರುದ್ಧವಾದದ್ದು ದಕ್ಷಿಣ ಆಫ್ರಿಕಾದ ಅನುಭವ. 2000ದ ಜೂನ್‌ನಲ್ಲಿ ಕೇಪ್‌ಟೌನ್ ಬಳಿ ‘ಟ್ರೆಷರ್’ ಹಡಗು ಮುಳುಗಿ ಸುಮಾರು 19,000 ಪೆಂಗ್ವಿನ್‌ಗಳಿಗೆ ಎಣ್ಣೆ ಮೆತ್ತಿತು. ತೊಳೆದು ಬಿಟ್ಟವು ಬಹುಪಾಲು ಬದುಕಿಕೊಂಡವು. ಆದರೆ ಮರಿಗಳನ್ನು ದೊಡ್ಡದು ಮಾಡುವುದರಲ್ಲಿ ಅವು ಎಣ್ಣೆ ತಾಗದ ಪೆಂಗ್ವಿನ್‌ಗಳಿಗಿಂತ ಹಿಂದೆ ಬಿದ್ದವು. ರೆಕ್ಕೆಗೆ ಪಟ್ಟಿ ತೊಡಿಸಿ ವರ್ಷಗಟ್ಟಲೆ ಹಿಂಬಾಲಿಸಿದ್ದರಿಂದಲೇ ಇದು ಗೊತ್ತಾದದ್ದು.

ನಮ್ಮ ಹದ್ದುಗಳಿಗೂ ಈ ಕೆಲಸ ಆಗಬೇಕು, ಮತ್ತು ಅದು ಕಷ್ಟವೂ ಅಲ್ಲ. ಹದ್ದು ಊರಿನ ಹಕ್ಕಿ, ಮಾಂಸದ ಅಂಗಡಿ, ಕಸದ ಗುಡ್ಡೆಯ ಮೇಲೆ ದಿನವೂ ಸುತ್ತುತ್ತದೆ. ಸಿಕ್ಕ ಜಾಗದ ಸಮೀಪವೇ ಬಿಟ್ಟರೆ ಅದಕ್ಕೆ ತಂಗುವ ಮರ, ಆಹಾರದ ತಾವು ಎರಡೂ ಗೊತ್ತಿರುತ್ತವೆ. ಕಾಲಿಗೆ ದೊಡ್ಡ ಅಕ್ಷರದ ಬಣ್ಣದ ಉಂಗುರವಿದ್ದರೆ ದುರ್ಬೀನು ಹಿಡಿದ ಯಾವ ಪಕ್ಷಿವೀಕ್ಷಕರಾದರೂ ಅದನ್ನು ಓದಬಲ್ಲರು. ಆಸ್ಪತ್ರೆಗಳು ವರ್ಷದ ವರದಿಯಲ್ಲಿ ಬಿಟ್ಟ ಹಕ್ಕಿಗಳ ಸಂಖ್ಯೆಯ ಪಕ್ಕದಲ್ಲೇ, ಆರು ತಿಂಗಳ ಮೇಲೆ ಮತ್ತೆ ಕಂಡವುಗಳ ಸಂಖ್ಯೆಯನ್ನೂ ಅಚ್ಚು ಹಾಕಲಿ.